ಸೊನ್ನೆ, ಒಂದು ಎರಡೇ ಸಾಕೆಂದ ಲೈಬ್ನಿಟ್ಸ್: ಉಪಯೋಗವೇನು ಎಂದವರಿಗೆ ಉತ್ತರ ಇರಲಿಲ್ಲ

ನೀವು ಈ ಲೇಖನವನ್ನು ಮೊಬೈಲಿನಲ್ಲೋ ಆಫೀಸಿನ ಕಂಪ್ಯೂಟರಿನಲ್ಲೋ ಓದುತ್ತಿರಬೇಕು. ಪರದೆಯ ಮೇಲಿರುವ 'ಅ' ಅಕ್ಷರವನ್ನೇ ನೋಡಿ. ನಮಗೆ ಅದು ಅಕ್ಷರಮಾಲೆಯ ಮೊದಲ ಅಕ್ಷರ. ಯಂತ್ರಕ್ಕೆ ಅದೊಂದು ಸಂಖ್ಯೆ, ಅಷ್ಟೇ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ 'ಅ'ಗೆ ಕೊಟ್ಟಿರುವ ಸಂಖ್ಯೆ 3205. ಆದರೆ ಯಂತ್ರಕ್ಕೆ ಮೂರೂ ಗೊತ್ತಿಲ್ಲ, ಐದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವ ಅಂಕಿಗಳು ಎರಡೇ, ಸೊನ್ನೆ ಮತ್ತು ಒಂದು. ಆ ಎರಡರಲ್ಲೇ 3205 ಬರೆದರೆ 110010000101 ಆಗುತ್ತದೆ.

ಇಂಥ ಬರವಣಿಗೆಗೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ನಿಯಮಗಳನ್ನು ಒಪ್ಪವಾಗಿ ಬರೆದಿಟ್ಟು ಯುರೋಪಿನ ವಿದ್ವಾಂಸರ ಮುಂದಿಟ್ಟವನು ಗಾಟ್‌ಫ್ರೀಡ್ ವಿಲ್ಹೆಲ್ಮ್ ಲೈಬ್ನಿಟ್ಸ್ ಎಂಬ ಜರ್ಮನ್. ಆತ ತೀರಿಕೊಂಡದ್ದು 1716ರಲ್ಲಿ. ಆಗ ವಿದ್ಯುತ್ ದೀಪವಿಲ್ಲ, ಟೆಲಿಗ್ರಾಫ್ ಇಲ್ಲ, ರೈಲೂ ಇಲ್ಲ. ಇದರಿಂದ ಆಗುವ ಪ್ರಯೋಜನವೇನು ಎಂದು ಆ ಕಾಲದ ದೊಡ್ಡ ವಿದ್ವತ್ ಸಂಸ್ಥೆಯೊಂದು ಕೇಳಿದಾಗ ಆತನ ಬಳಿ ಸಮರ್ಪಕ ಉತ್ತರ ಇರಲಿಲ್ಲ. ಆದರೂ ಆತ ಅದನ್ನು ಕೈಬಿಡಲಿಲ್ಲ.

ಅಪ್ಪನ ಪುಸ್ತಕದ ಕೋಣೆ

ಲೈಬ್ನಿಟ್ಸ್ ಹುಟ್ಟಿದ್ದು 1646ರ ಜುಲೈ 1ರಂದು, ಲೈಪ್‌ಜಿಗ್ ನಗರದಲ್ಲಿ. ಜರ್ಮನ್ ನಾಡುಗಳನ್ನೆಲ್ಲ ಸುಟ್ಟು ಬೂದಿ ಮಾಡಿದ ಮೂವತ್ತು ವರ್ಷಗಳ ಯುದ್ಧ ಮುಗಿಯಲು ಇನ್ನೂ ಎರಡು ವರ್ಷ ಬಾಕಿ ಇತ್ತು. ತಂದೆ ಫ್ರೀಡ್ರಿಶ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕ. ಮಗನಿಗೆ ಆರು ವರ್ಷವಿದ್ದಾಗ ಆತ ತೀರಿಕೊಂಡ. ಬಿಟ್ಟು ಹೋದ ಆಸ್ತಿಯಲ್ಲಿ ಹುಡುಗನ ಪಾಲಿಗೆ ಬಹಳ ದೊಡ್ಡದೆಂದರೆ ಪುಸ್ತಕಗಳ ಕೋಣೆ.

ಆ ಕೋಣೆಯ ಬಾಗಿಲು ಕೆಲಕಾಲದ ಬಳಿಕ ಹುಡುಗನಿಗೆ ತೆರೆಯಿತು. ಒಳಗಿದ್ದುದೆಲ್ಲ ಹೆಚ್ಚಾಗಿ ಲ್ಯಾಟಿನ್. ಚಿತ್ರಗಳಿದ್ದ ರೋಮನ್ ಇತಿಹಾಸದ ಪುಸ್ತಕವೊಂದನ್ನು ಹಿಡಿದು, ಚಿತ್ರ ನೋಡಿ ಪದ ಊಹಿಸುತ್ತ, ಊಹಿಸಿದ ಪದದಿಂದ ಮುಂದಿನ ಸಾಲು ಬಿಡಿಸುತ್ತ ತಾನೇ ಭಾಷೆ ಕಲಿತ. ಗುರುವಿಲ್ಲದೆ ಕಲಿಯುವ ಈ ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ. ಒಂದರಲ್ಲಿ ನಿಲ್ಲದೆ ಹತ್ತಕ್ಕೆ ಕೈಹಾಕುವ ಚಾಳಿಯೂ ಇಲ್ಲಿಂದಲೇ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಹದಿನಾಲ್ಕರಲ್ಲಿ ವಿಶ್ವವಿದ್ಯಾಲಯ ಸೇರಿದ. 1663ರ ಬೇಸಿಗೆಯಲ್ಲಿ ಯೇನಾ ನಗರಕ್ಕೆ ಹೋಗಿ ಎರ್ಹಾರ್ಡ್ ವೈಗೆಲ್ ಎಂಬ ಗಣಿತಜ್ಞನ ಪಾಠ ಕೇಳಿದ. ಹತ್ತರ ಬದಲು ನಾಲ್ಕರ ಲೆಕ್ಕದಲ್ಲಿ ಸಂಖ್ಯೆ ಬರೆಯುವುದು ಒಳ್ಳೆಯದೆಂದು ಮುಂದೆ ಪುಸ್ತಕ ಬರೆದವನು ಈ ವೈಗೆಲ್. ಹತ್ತು ಎಂಬುದು ನಮ್ಮ ಕೈಬೆರಳುಗಳ ಅಭ್ಯಾಸವೇ ಹೊರತು ಸಂಖ್ಯೆಗಳ ನಿಯಮವಲ್ಲ ಎಂಬ ಮಾತು ಆ ಕಾಲದ ಗಾಳಿಯಲ್ಲೇ ಇತ್ತು.

ಇಪ್ಪತ್ತರ ಹರೆಯದಲ್ಲಿ ಕಾನೂನಿನ ಡಾಕ್ಟರೇಟ್‌ಗೆ ಅರ್ಜಿ ಹಾಕಿದರೆ ಲೈಪ್‌ಜಿಗ್ ವಿಶ್ವವಿದ್ಯಾಲಯ ಕೊಡಲಿಲ್ಲ. ವಯಸ್ಸು ಸಾಲದು ಎಂಬುದೇ ಕಾರಣ ಎನ್ನುತ್ತಾರೆ. ಹುಟ್ಟೂರು ಬಿಟ್ಟು ಆಲ್ಟ್‌ಡಾರ್ಫ್‌ಗೆ ಹೋಗಿ ಪದವಿ ಪಡೆದ. ಅಲ್ಲಿ ಪ್ರಾಧ್ಯಾಪಕನ ಹುದ್ದೆ ಕೊಡಲು ಮುಂದೆ ಬಂದರೂ ಒಲ್ಲೆ ಎಂದ. ಬದುಕಿನುದ್ದಕ್ಕೂ ಆತ ಮೇಷ್ಟರಾಗಲಿಲ್ಲ. ದೊರೆಗಳ ಸಲಹೆಗಾರ, ಗ್ರಂಥಪಾಲಕ, ವಕೀಲ, ರಾಯಭಾರಿ, ಇತಿಹಾಸಕಾರ ಇವೇ ಹೊಟ್ಟೆಪಾಡಿನ ಕೆಲಸಗಳು. ಗಣಿತ ಮಾಡಿದ್ದೆಲ್ಲ ಆ ಕೆಲಸಗಳ ನಡುವೆ ಕದ್ದ ಹೊತ್ತಿನಲ್ಲಿ.

ಪ್ಯಾರಿಸ್ ಮತ್ತು ಲೆಕ್ಕದ ಯಂತ್ರ

1672ರಲ್ಲಿ ಮೈನ್ಸ್ ದೊರೆಯ ಕಡೆಯ ರಾಜಕೀಯ ಕೆಲಸಕ್ಕೆಂದು ಪ್ಯಾರಿಸ್‌ಗೆ ಹೋದ. ಫ್ರಾನ್ಸಿನ ದೊರೆ 14ನೇ ಲೂಯಿ ಜರ್ಮನ್ ನಾಡುಗಳ ಮೇಲೆ ಬೀಳುವ ಬದಲು ಈಜಿಪ್ಟ್ ಮೇಲೆ ದಂಡೆತ್ತಿ ಹೋಗಲಿ ಎಂದು ಒಪ್ಪಿಸುವ ಯೋಜನೆ ಅದು. ಯೋಜನೆ ಮೂಲೆಗುಂಪಾಯಿತು. ಆದರೆ ಪ್ಯಾರಿಸ್‌ನಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಸಿಕ್ಕ. ಲೈಬ್ನಿಟ್ಸ್‌ನ ಗಣಿತ ಎಷ್ಟು ತೆಳುವಾಗಿದೆ ಎಂದು ತೋರಿಸಿಕೊಟ್ಟವನೂ, ಏನು ಓದಬೇಕೆಂದು ಹೇಳಿಕೊಟ್ಟವನೂ ಆತನೇ. ನಾಲ್ಕೇ ವರ್ಷಗಳಲ್ಲಿ ಆ ಶಿಷ್ಯ ಕಲನಶಾಸ್ತ್ರ ಕಟ್ಟಿದ. ಇಂದಿಗೂ ಪಿಯುಸಿ ವಿದ್ಯಾರ್ಥಿಗಳು ಬರೆಯುವ, ಹಾವಿನಂತೆ ಉದ್ದಕ್ಕೆ ಎಳೆದ ಅನುಕಲನದ ಚಿಹ್ನೆ 1675ರ ಅಕ್ಟೋಬರ್‌ನಲ್ಲಿ ಆತನ ಟಿಪ್ಪಣಿಯಲ್ಲಿ ಮೊದಲು ಕಾಣಿಸಿತು. ಪೈ ಬೆಲೆಯನ್ನು 1, 1/3, 1/5, 1/7 ಎಂದು ಕಳೆದು ಕೂಡಿ ಹಿಡಿಯುವ ಸರಣಿಯನ್ನೂ ಆಗಲೇ ಕಂಡ. ಅದೇ ಸರಣಿ ಅದಕ್ಕೂ ಎರಡೂವರೆ ಶತಮಾನದಷ್ಟು ಹಿಂದೆ ಕೇರಳದ ಮಾಧವನಿಗೆ ಗೊತ್ತಿತ್ತು ಎಂಬುದನ್ನು ಯುರೋಪ್ ತಿಳಿದದ್ದು ಬಹಳ ತಡವಾಗಿ.

ಇದೇ ದಿನಗಳಲ್ಲಿ ಹಿತ್ತಾಳೆಯ ಲೆಕ್ಕದ ಯಂತ್ರವೊಂದನ್ನು ಮಾಡಿಸಲು ಹೊರಟ. ಪ್ಯಾಸ್ಕಲ್ ಮಾಡಿದ್ದ ಯಂತ್ರ ಕೂಡುತ್ತಿತ್ತು, ಕಳೆಯುತ್ತಿತ್ತು. ಲೈಬ್ನಿಟ್ಸ್‌ನದು ಗುಣಿಸಿ ಭಾಗಿಸಲೂಬೇಕಿತ್ತು. ಅದಕ್ಕೆಂದೇ ಮೆಟ್ಟಿಲು ಮೆಟ್ಟಿಲಾಗಿ ಉದ್ದ ಬದಲಾಗುವ ಹಲ್ಲುಗಳ ಉರುಳೆಯೊಂದನ್ನು ಯೋಚಿಸಿದ. 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಅರೆಬರೆ ಮಾದರಿ ಒಯ್ದು ತೋರಿಸಿದ. ಸದಸ್ಯತ್ವ ಸಿಕ್ಕಿತು, ಯಂತ್ರ ಮುಗಿಸಿ ತೋರಿಸುತ್ತೇನೆಂಬ ಮಾತೂ ಹೆಗಲೇರಿತು. ಮುಂದಿನ ಹಲವು ದಶಕ ಆತನ ಹಣವನ್ನೂ ಸಮಯವನ್ನೂ ಅದು ನುಂಗಿತು. ದಶಕ ದಾಟಿಸಿಕೊಡುವ ಹಲ್ಲಿನ ಚಕ್ರಗಳು ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತಿದ್ದವು. 999ಕ್ಕೆ ಒಂದು ಕೂಡಿದರೆ ಮೂರೂ ಮನೆಗಳ ಚಕ್ರ ಒಟ್ಟಿಗೆ ತಿರುಗಬೇಕಲ್ಲ, ತೊಂದರೆ ಅಲ್ಲಿ.

ಗಮನಿಸಿ, ಆ ಯಂತ್ರ ಹತ್ತರ ಲೆಕ್ಕದ್ದು. ಒಂದೊಂದು ಚಕ್ರಕ್ಕೂ ಹತ್ತು ಸ್ಥಾನ.

1679ರ ಹಾಳೆಗಳು

ಪ್ಯಾರಿಸ್‌ನಲ್ಲಿ ಕೆಲಸ ಸಿಗಲಿಲ್ಲ. 1676ರ ಕೊನೆಗೆ ಹ್ಯಾನೋವರ್‌ಗೆ ಬಂದು ಅಲ್ಲಿನ ಡ್ಯೂಕ್ ಬಳಿ ಗ್ರಂಥಪಾಲಕನೂ ಸಲಹೆಗಾರನೂ ಆದ. ಆ ಊರಿನಿಂದಲೇ ಮುಂದೆ ಹೆಣ ಹೊರಡಲಿದೆ ಎಂದು ಆಗ ಮೂವತ್ತರ ಲೈಬ್ನಿಟ್ಸ್ ಎಣಿಸಿರಲಾರ.

1679ರ ಮಾರ್ಚ್ 15ರ ತಾರೀಖು ಹಾಕಿದ ಲ್ಯಾಟಿನ್ ಹಸ್ತಪ್ರತಿಯೊಂದು ಹ್ಯಾನೋವರ್‌ನಲ್ಲಿ ಉಳಿದಿದೆ. ಎರಡೇ ಅಂಕಿಗಳ ಲೆಕ್ಕ ಅಲ್ಲಿ ವಿವರವಾಗಿ ಬಂದಿದೆ. ಅದನ್ನು ಹೊಸಬರಿಗೆ ಹೇಳುವುದು ಕಷ್ಟವೇನಲ್ಲ. ಅದರಲ್ಲೂ ನಮಗೆ ಒಂದು ಅನುಕೂಲವಿದೆ, ನಮ್ಮ ಅಜ್ಜ ಅಜ್ಜಿಯರ ಕಾಲದ ಆಣೆ ಲೆಕ್ಕ.

1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ಮುಂಚೆ ರೂಪಾಯಿಗೆ ಹದಿನಾರಾಣೆ. ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ ಎಂದು ನಾಣ್ಯಗಳಿದ್ದವು. ಪ್ರತಿಯೊಂದೂ ಹಿಂದಿನದರ ಎರಡರಷ್ಟು. ನಿಮ್ಮ ಜೇಬಿನಲ್ಲಿ ಈ ನಾಲ್ಕರಲ್ಲಿ ಒಂದೊಂದೇ ನಾಣ್ಯ ಇದೆ ಎಂದುಕೊಳ್ಳಿ. ಅಂಗಡಿಯವನು ಮೂರಾಣೆ ಕೇಳಿದರೆ ಎರಡಾಣೆ ಮತ್ತು ಒಂದಾಣೆ. ಆರಾಣೆ ಎಂದರೆ ನಾಲ್ಕಾಣೆ, ಎರಡಾಣೆ. ಹದಿಮೂರಾಣೆ ಎಂದರೆ ಎಂಟಾಣೆ, ನಾಲ್ಕಾಣೆ, ಒಂದಾಣೆ. ಒಂದರಿಂದ ಹದಿನೈದು ಆಣೆಯವರೆಗೆ ಯಾವ ಮೊತ್ತವನ್ನು ಕೇಳಿದರೂ ಚಿಲ್ಲರೆ ವಾಪಸ್ ಕೇಳದೆ ಕೊಡಬಹುದು. ಅಷ್ಟೇ ಅಲ್ಲ, ಪ್ರತಿ ಮೊತ್ತಕ್ಕೂ ದಾರಿ ಒಂದೇ ಒಂದು.

ಈಗ ನಾಣ್ಯಗಳನ್ನು ಎಡದಿಂದ ಎಂಟು, ನಾಲ್ಕು, ಎರಡು, ಒಂದು ಎಂದು ಸಾಲಾಗಿಡಿ. ಕೊಟ್ಟ ನಾಣ್ಯದ ಕೆಳಗೆ 1 ಬರೆಯಿರಿ, ಕೊಡದೆ ಉಳಿಸಿಕೊಂಡದ್ದರ ಕೆಳಗೆ 0. ಹದಿಮೂರಕ್ಕೆ 1101. ಆರಕ್ಕೆ 0110. ಮೂರಕ್ಕೆ 0011. ದ್ವಿಮಾನ ಸಂಖ್ಯೆ ಅಥವಾ ಬೈನರಿ ಎಂದರೆ ಇಷ್ಟೇ. ಶಾಲೆಯಲ್ಲಿ ನಾವು ಬಿಡಿ, ಹತ್ತು, ನೂರು, ಸಾವಿರ ಎಂದು ಮನೆ ಹಾಕಿ ಬರೆದೆವು. ಎಡಕ್ಕೆ ಸರಿದಂತೆ ಬೆಲೆ ಹತ್ತರಷ್ಟಾಗುತ್ತಿತ್ತು. ಇಲ್ಲಿ ಎರಡರಷ್ಟಾಗುತ್ತದೆ. ಮನೆಯೊಳಗೆ ಒಂಬತ್ತರವರೆಗೆ ಬರೆಯುವ ಬದಲು ಇದೆ ಅಥವಾ ಇಲ್ಲ ಎಂದು ಬರೆದರೆ ಸಾಕು.

ಕೂಡುವುದೂ ಹಾಗೆಯೇ. ಹದಿಮೂರಾಣೆಗೆ ಆರಾಣೆ ಸೇರಿಸೋಣ, 1101 ಮತ್ತು 0110. ಬಲತುದಿಯ ಮನೆಯಲ್ಲಿ ಒಂದು ಮತ್ತು ಸೊನ್ನೆ, ಉತ್ತರ 1. ಎರಡಾಣೆಯ ಮನೆಯಲ್ಲಿ ಸೊನ್ನೆ ಮತ್ತು ಒಂದು, ಅದೂ 1. ನಾಲ್ಕಾಣೆಯ ಮನೆಯಲ್ಲಿ ಎರಡು ನಾಣ್ಯ ಬಂದವು. ಎರಡು ನಾಲ್ಕಾಣೆ ಅಂದರೆ ಒಂದು ಎಂಟಾಣೆ, ಆದ್ದರಿಂದ ಇಲ್ಲಿ 0 ಬರೆದು ಎಡಕ್ಕೆ ದಶಕ ಒಯ್ಯಿರಿ. ದಶಕವಲ್ಲ, 'ದ್ವಿಕ' ಎನ್ನಬೇಕೇನೋ! ಎಂಟಾಣೆಯ ಮನೆಯಲ್ಲಿ ಈಗ ಮತ್ತೆ ಎರಡು ನಾಣ್ಯ. 0 ಬರೆದು ಇನ್ನೊಂದು ಮನೆ ಎಡಕ್ಕೆ. ಅದು ಹದಿನಾರರ ಮನೆ, ರೂಪಾಯಿಯ ಮನೆ. ಉತ್ತರ 10011, ಅಂದರೆ ಒಂದು ರೂಪಾಯಿ ಮೂರಾಣೆ.

ಆಣೆ ಲೆಕ್ಕ ನಮ್ಮದು, ಲೈಬ್ನಿಟ್ಸ್‌ನದಲ್ಲ. ಆದರೆ ಎರಡರಷ್ಟಾಗುತ್ತ ಹೋಗುವ ಕೆಲವೇ ತೂಕದ ಬಟ್ಟುಗಳಿಂದ ಏನನ್ನು ಬೇಕಾದರೂ ತೂಗಬಹುದು, ಅಂಥದೇ ನಾಣ್ಯಗಳಿದ್ದರೆ ಕೆಲವೇ ನಾಣ್ಯಗಳಲ್ಲಿ ಎಷ್ಟು ಬೇಕಾದರೂ ಕೊಡಬಹುದು ಎಂದು ಆತನೂ ಬರೆದಿದ್ದಾನೆ.

ಆತನಿಗೆ ಹಿಡಿಸಿದ್ದು ಇದರ ಸರಳತೆ. ಹತ್ತರ ಪದ್ಧತಿಯಲ್ಲಿ ಗುಣಿಸಲು ಮಗ್ಗಿ ಬಾಯಿಪಾಠ ಮಾಡಬೇಕು. ಎರಡರ ಪದ್ಧತಿಯಲ್ಲಿ ಮಗ್ಗಿಯೇ ಇಲ್ಲ. ಒಂದರಿಂದ ಗುಣಿಸಿದರೆ ಅದೇ ಸಂಖ್ಯೆ, ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಮುಗಿಯಿತು. ಐದು ಮೂರಲ ಎಷ್ಟು? 101ನ್ನು ಒಮ್ಮೆ ಬರೆದು, ಅದರ ಕೆಳಗೆ ಒಂದು ಮನೆ ಎಡಕ್ಕೆ ಸರಿಸಿ ಮತ್ತೆ 101 ಬರೆದು ಕೂಡಿದರೆ 1111, ಹದಿನೈದು. ಇನ್ನು ಯಾವುದೇ ಸಂಖ್ಯೆಯನ್ನು ಈ ರೂಪಕ್ಕೆ ತರಲು ಅರ್ಧ ಮಾಡುತ್ತ ಹೋದರಾಯಿತು. ಹದಿಮೂರರ ಅರ್ಧ ಆರು, ಶೇಷ 1. ಆರರ ಅರ್ಧ ಮೂರು, ಶೇಷ 0. ಮೂರರ ಅರ್ಧ ಒಂದು, ಶೇಷ 1. ಒಂದರ ಅರ್ಧ ಸೊನ್ನೆ, ಶೇಷ 1. ಶೇಷಗಳನ್ನು ಕೊನೆಯಿಂದ ಓದಿ: 1101.

ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಲತುದಿಯ ಸಾಲು ಮೇಲಿನಿಂದ ಕೆಳಗೆ 0, 1, 0, 1 ಎಂದು ನಡೆಯುತ್ತದೆ. ಅದರ ಎಡದ್ದು 0, 0, 1, 1. ಅದರಾಚೆಯದು ನಾಲ್ಕು ಸೊನ್ನೆ, ನಾಲ್ಕು ಒಂದು. ಈ ಏರಿಳಿತದ ಲಯದಲ್ಲಿ ಸಂಖ್ಯೆಗಳ ಗುಟ್ಟು ಅಡಗಿದೆ, ಹತ್ತರ ಅಂಕಿಗಳು ಅದನ್ನು ಮುಚ್ಚಿಡುತ್ತವೆ ಎಂದು ಲೈಬ್ನಿಟ್ಸ್ ನಂಬಿದ್ದ.

ಬೆಲೆ ತೆರಬೇಕಾದ್ದು ಉದ್ದದಲ್ಲಿ. ನಾಲ್ಕು ಅಂಕಿಯ 1000 ಇಲ್ಲಿ 1111101000 ಎಂದು ಹತ್ತು ಅಂಕಿಯಾಗುತ್ತದೆ. ಆತ ಹುಟ್ಟಿದ 1646ಕ್ಕೆ 11001101110, ಹನ್ನೊಂದು ಅಂಕಿ. ದಿನಸಿ ಅಂಗಡಿಯ ಲೆಕ್ಕ ಹೀಗೆ ಬರೆದರೆ ಹಾಳೆಗಳು ಸಾಲವು. ಇದು ಆತನಿಗೂ ಗೊತ್ತಿತ್ತು. ನಿತ್ಯದ ವ್ಯವಹಾರಕ್ಕೆ ಹತ್ತರ ಪದ್ಧತಿಯೇ ಇರಲಿ ಎಂದು ಸ್ಪಷ್ಟವಾಗಿಯೇ ಹೇಳಿದ.

ಆದರೆ ಆ 1679ರ ಹಾಳೆಗಳಲ್ಲಿ ಇನ್ನೊಂದು ವಿಷಯವಿದೆ. ಈ ಲೆಕ್ಕವನ್ನು ಗೋಲಿಗಳಿಂದ ಮಾಡುವ ಯಂತ್ರದ ವಿವರಣೆ! ಒಂದು ಪೆಟ್ಟಿಗೆ, ಅದರಲ್ಲಿ ತೂತುಗಳ ಸಾಲು. ಒಂದು ಇರಬೇಕಾದ ಕಡೆ ತೂತು ತೆರೆದಿರುತ್ತದೆ, ಸೊನ್ನೆ ಇರಬೇಕಾದ ಕಡೆ ಮುಚ್ಚಿರುತ್ತದೆ. ತೆರೆದ ತೂತಿನಿಂದ ಗೋಲಿ ಕೆಳಗಿನ ಓಣಿಗೆ ಬೀಳುತ್ತದೆ, ಮುಚ್ಚಿದ್ದರಿಂದ ಬೀಳುವುದಿಲ್ಲ. ಪೆಟ್ಟಿಗೆಯನ್ನು ಒಂದೊಂದೇ ಮನೆ ಸರಿಸುತ್ತ ಹೋದರೆ ಗುಣಾಕಾರವೂ ಆಗುತ್ತದೆ. ಹಿತ್ತಾಳೆ ಚಕ್ರಗಳ ದಶಕದ ಕಾಟ ಇಲ್ಲಿ ಬಹಳ ಹಗುರ. ಗೋಲಿಯ ಜಾಗದಲ್ಲಿ ವಿದ್ಯುತ್ತಿನ ಮಿಡಿತ, ತೂತಿನ ಜಾಗದಲ್ಲಿ ಸ್ವಿಚ್ ಇಟ್ಟರೆ ಇಂದಿನ ಕಂಪ್ಯೂಟರಿನ ಲೆಕ್ಕದ ಭಾಗಕ್ಕೆ ಇದು ದೂರವೇನಲ್ಲ. ಲೈಬ್ನಿಟ್ಸ್ ಅದನ್ನು ಕಟ್ಟಿಸಲಿಲ್ಲ. ಹಣ, ಕುಶಲಕರ್ಮಿಗಳು, ವರ್ಷಗಳು ಎಲ್ಲ ಹೋದದ್ದು ಹತ್ತರ ಚಕ್ರಗಳ ಯಂತ್ರಕ್ಕೆ. ಹಾಳೆ ಕಪಾಟು ಸೇರಿತು.

ಗಣಿ, ವಂಶಾವಳಿ, ಪದಕ

ಮುಂದಿನ ವರ್ಷಗಳ ಕತೆ ಬೇಗ ಹೇಳಿ ಮುಗಿಸಬಹುದು. ಹಾರ್ಟ್ಸ್ ಬೆಟ್ಟಗಳ ಬೆಳ್ಳಿ ಗಣಿಗಳಲ್ಲಿ ತುಂಬುವ ನೀರನ್ನು ಗಾಳಿಯಂತ್ರದಿಂದ ಎತ್ತಿಸುತ್ತೇನೆಂದು ಹೊರಟು ಐದಾರು ವರ್ಷ ಕಳೆದ. ಗಾಳಿ ಸಾಲಲಿಲ್ಲ, ಗಣಿಯವರಿಗೆ ಈ ಪಂಡಿತನ ಸಹವಾಸವೂ ಬೇಕಿರಲಿಲ್ಲ. 1685ರಲ್ಲಿ ಕೆಲಸ ನಿಂತಿತು. ಆ ಬಳಿಕ ಡ್ಯೂಕ್ ತನ್ನ ಮನೆತನದ ಇತಿಹಾಸ ಬರೆಯಲು ಹೇಳಿದ. ಒಂದೆರಡು ವರ್ಷದ ಕೆಲಸವಾಗಬೇಕಿದ್ದದ್ದು ಮೂವತ್ತು ವರ್ಷದ ಬೇಡಿಯಾಯಿತು. ಲೈಬ್ನಿಟ್ಸ್‌ಗೆ ಸಣ್ಣದಾಗಿ ಶುರು ಮಾಡುವುದೇ ಬರುತ್ತಿರಲಿಲ್ಲ. ಮನೆತನದ ಕತೆಗೆ ಮೊದಲು ಭೂಮಿ ಹುಟ್ಟಿದ ಕತೆ ಬೇಕೆಂದು ಅದರ ಮೇಲೂ ಒಂದು ಗ್ರಂಥ ಬರೆದ!

ಈ ನಡುವೆ ಎರಡಂಕಿಯ ಲೆಕ್ಕ ತಲೆಯಿಂದ ಹೋಗಿರಲಿಲ್ಲ. 1697ರ ಹೊಸ ವರ್ಷಕ್ಕೆ ವೋಲ್ಫೆನ್‌ಬ್ಯುಟೆಲ್‌ನ ಡ್ಯೂಕ್ ರುಡಾಲ್ಫ್ ಆಗಸ್ಟ್‌ಗೆ ಬರೆದ ಪತ್ರದಲ್ಲಿ ಅದನ್ನು ವಿವರಿಸಿ, ಒಂದು ಪದಕದ ವಿನ್ಯಾಸವನ್ನೂ ಸೂಚಿಸಿದ. ಒಂದೂ ಸೊನ್ನೆಯೂ ಸೇರಿ ಎಲ್ಲ ಸಂಖ್ಯೆಗಳೂ ಹುಟ್ಟುವಂತೆ, ದೇವರು ಶೂನ್ಯದಿಂದ ಎಲ್ಲವನ್ನೂ ಸೃಷ್ಟಿಸಿದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ ಎಂಬುದು ಅದರ ಭಾವ. ಲೈಬ್ನಿಟ್ಸ್ ಶ್ರದ್ಧೆಯ ಕ್ರಿಶ್ಚಿಯನ್, ಇದು ಆತನಿಗೆ ಅಲಂಕಾರದ ಮಾತಾಗಿರಲಿಲ್ಲ. ಚೀನಾದ ಚಕ್ರವರ್ತಿ ಕಾಂಗ್‌ಶಿಗೆ ಗಣಿತ ಇಷ್ಟ ಎಂದು ಕೇಳಿ, ಅಲ್ಲಿನ ಜೆಸ್ಯುಯಿಟ್ ಪಾದ್ರಿಗಳ ಮೂಲಕ ಆತನಿಗೂ ಇದನ್ನು ಮುಟ್ಟಿಸಬೇಕೆಂದು ಆಸೆಪಟ್ಟ.

ಪ್ಯಾರಿಸ್‌ನ ಪ್ರಶ್ನೆ, ಪೀಕಿಂಗ್‌ನ ಉತ್ತರ

1701ರಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಈ ಹೊಸ ಲೆಕ್ಕದ ಬಗ್ಗೆ ಪ್ರಬಂಧ ಕಳಿಸಿದ. ಅಕಾಡೆಮಿಯ ಕಾರ್ಯದರ್ಶಿ ಫಾಂಟೆನೆಲ್ ಸೌಜನ್ಯದ ಮನುಷ್ಯ. ಸೌಜನ್ಯದಿಂದಲೇ ಕೇಳಿದ, ಇದರ ಉಪಯೋಗ ಎಲ್ಲಿದೆ ಎಂದು. ಪ್ರಕಟಿಸಬೇಕಾದರೆ ಅದನ್ನು ತೋರಿಸಬೇಕಲ್ಲ. ಲೈಬ್ನಿಟ್ಸ್ ವಾದ ಮಾಡಲಿಲ್ಲ. ಉಪಯೋಗ ಸಿಗುವವರೆಗೆ ಅಚ್ಚು ಹಾಕುವುದು ಬೇಡ ಎಂದು ತಾನೇ ತಡೆದ. ಆಗ ಆತನಿಗೆ ಐವತ್ತೈದು. ಲೆಕ್ಕ ಹೊಳೆದು ಇಪ್ಪತ್ತು ವರ್ಷ ದಾಟಿತ್ತು.

ಅದೇ ವರ್ಷ ಪೀಕಿಂಗ್‌ನಲ್ಲಿದ್ದ ಫ್ರೆಂಚ್ ಜೆಸ್ಯುಯಿಟ್ ಜೋಕಿಮ್ ಬುವೆಗೂ ಇದನ್ನು ವಿವರಿಸಿ ಬರೆದಿದ್ದ. ಬುವೆ ನವೆಂಬರ್‌ನಲ್ಲಿ ಉತ್ತರ ಬರೆದ. ಆ ಉತ್ತರ ಹಡಗಿನಲ್ಲಿ ಅಲೆದು ಲೈಬ್ನಿಟ್ಸ್ ಕೈ ಸೇರಿದ್ದು 1703ರ ಏಪ್ರಿಲ್ 1ರಂದು. ಜೊತೆಗೆ ಒಂದು ಚಿತ್ರ. ಚೀನಾದ ಪುರಾತನ ಯೀಜಿಂಗ್ ಗ್ರಂಥದ 64 ಆಕೃತಿಗಳನ್ನು 11ನೇ ಶತಮಾನದ ಪಂಡಿತ ಶಾವ್ ಯೊಂಗ್ ಜೋಡಿಸಿದ ಕ್ರಮ ಅದು. ಪ್ರತಿ ಆಕೃತಿಯಲ್ಲೂ ಆರು ಗೆರೆ, ಪ್ರತಿ ಗೆರೆಯೂ ಇಡಿಯಾಗಿರುತ್ತದೆ ಇಲ್ಲವೇ ನಡುವೆ ತುಂಡಾಗಿರುತ್ತದೆ. ಲೈಬ್ನಿಟ್ಸ್ ತುಂಡು ಗೆರೆಗೆ 0, ಇಡೀ ಗೆರೆಗೆ 1 ಇಟ್ಟು ಓದಿದ. ಸೊನ್ನೆಯಿಂದ 63ರವರೆಗೆ ಒಂದೂ ತಪ್ಪದೆ ಸಾಲಾಗಿ ಬಂದವು!

ಎಷ್ಟು ಖುಷಿಯಾಗಿರಬೇಕು ಊಹಿಸಿ. ಕೆಲವೇ ದಿನಗಳಲ್ಲಿ ಹೊಸ ಪ್ರಬಂಧ ಪ್ಯಾರಿಸ್‌ಗೆ ಹೋಯಿತು. ಈಗ ಉಪಯೋಗ ಸಿಕ್ಕಿತ್ತು: ಸಾವಿರಾರು ವರ್ಷಗಳಿಂದ ಚೀನಿಯರಿಗೇ ಅರ್ಥವಾಗದ ತಮ್ಮ ಆಕೃತಿಗಳನ್ನು ಈ ಲೆಕ್ಕ ಬಿಡಿಸುತ್ತದೆ! 1703ನೇ ಸಾಲಿನ ಅಕಾಡೆಮಿ ಸಂಪುಟದಲ್ಲಿ ಅದು ಸೇರಿತು, ಸಂಪುಟ ಅಚ್ಚಾಗಿ ಹೊರಬಂದದ್ದು 1705ರಲ್ಲಿ. ಎರಡಂಕಿಯ ಲೆಕ್ಕ ಲೋಕಕ್ಕೆ ತಿಳಿದದ್ದು ಹೀಗೆ, ಸರಿಯಲ್ಲದ ಒಂದು ಕಾರಣದ ಬೆನ್ನೇರಿ. ಏಕೆಂದರೆ ಚೀನಾದ ಆದಿಪುರುಷ ಫೂಶಿಗೆ ಈ ಗಣಿತ ತಿಳಿದಿತ್ತು ಎಂಬ ಆತನ ತೀರ್ಮಾನವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆ ಕ್ರಮ ಬಹಳ ಈಚಿನದು, ಆ ಆಕೃತಿಗಳಿಂದ ಯಾರೂ ಕೂಡಿ ಕಳೆದು ಮಾಡಿರಲಿಲ್ಲ.

ಇಲ್ಲಿ ನಮ್ಮ ಕಡೆಯದೂ ಒಂದು ಮಾತು ಹೇಳಬೇಕು. ಎರಡೇ ಗುರುತುಗಳ ಲೆಕ್ಕ ಕನ್ನಡ ಶಾಲೆಯಲ್ಲಿ ಕಲಿತ ಎಲ್ಲರಿಗೂ ಪರಿಚಯವಿದೆ, ಗಣಿತದ ಪೀರಿಯಡ್‌ನಲ್ಲಲ್ಲ, ಛಂದಸ್ಸಿನ ಪಾಠದಲ್ಲಿ. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ ಹಾಕಿ ಪ್ರಸ್ತಾರ ಮಾಡಿದ್ದು ನೆನಪಿದೆಯೇ? ಮೂರು ಅಕ್ಷರಕ್ಕೆ ಎಂಟೇ ಗಣ ಏಕೆ? ಎರಡು, ಎರಡಲ, ಎರಡಲ ಎಂಟು. ನಮ್ಮ ಒಂದನೇ ನಾಗವರ್ಮ 10ನೇ ಶತಮಾನದಲ್ಲಿ ಕನ್ನಡಕ್ಕೆ ಛಂದೋಂಬುಧಿ ಬರೆದದ್ದು ಪಿಂಗಳನಿಂದ ಬಂದ ಪರಂಪರೆಯಲ್ಲಿ. ಪಿಂಗಳನ ಕ್ರಮದಂತೆ ಮ, ಯ, ರ, ಸ, ತ, ಜ, ಭ, ನ ಗಣಗಳನ್ನು ಬರೆದು, ಗುರುವಿಗೆ 0, ಲಘುವಿಗೆ 1 ಇಟ್ಟು, ಎಡತುದಿಯನ್ನು ಬಿಡಿಯ ಮನೆ ಎಂದು ಓದಿ ನೋಡಿ. ಸೊನ್ನೆಯಿಂದ ಏಳರವರೆಗೆ ಸಾಲಾಗಿ ಬರುತ್ತವೆ. ಇಷ್ಟನೆಯ ಸಾಲಿನ ಗಣ ಯಾವುದು ಎಂದು ಅರ್ಧ ಮಾಡುತ್ತ ಹೋಗಿ ಕಂಡುಹಿಡಿಯುವ ವಿಧಾನವನ್ನೂ ಪಿಂಗಳ ಕೊಟ್ಟಿದ್ದಾನೆ.

ಲೈಬ್ನಿಟ್ಸ್‌ಗಿಂತ ಹೆಚ್ಚು ಕಡಿಮೆ ಎರಡು ಸಾವಿರ ವರ್ಷ ಹಿಂದಿನ ಕೆಲಸ ಇದು, ಹೆಮ್ಮೆ ಪಡಬಹುದು. ಆದರೆ ಕಂಪ್ಯೂಟರನ್ನೇ ಪಿಂಗಳ ಕಂಡುಹಿಡಿದ ಎಂದು ವಾಟ್ಸಾಪಿನಲ್ಲಿ ಹಂಚುವವರು ಲೈಬ್ನಿಟ್ಸ್ ಫೂಶಿಯ ವಿಷಯದಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದಾರೆ. ಪಿಂಗಳ ಎಣಿಸಿದ್ದು ವೃತ್ತಗಳನ್ನು. ಹದಿಮೂರಕ್ಕೆ ಆರು ಕೂಡಿ ಬರೆಯುವ ಪದ್ಧತಿಯಾಗಿ ಅದನ್ನು ಬಳಸಲಿಲ್ಲ. ಯುರೋಪಿನಲ್ಲೂ ಲೈಬ್ನಿಟ್ಸ್ ಮೊದಲಿಗನಲ್ಲ. 1621ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಇದೇ ಲೆಕ್ಕ ಮಾಡಿ, ಅಚ್ಚು ಹಾಕಿಸದೆ ಬಿಟ್ಟಿದ್ದ. ಸ್ಪೇನಿನ ಕಾರಾಮುಯೆಲ್ 1670ರ ಪುಸ್ತಕದಲ್ಲಿ ಎರಡರ ಪದ್ಧತಿಯನ್ನೂ ತೋರಿಸಿದ್ದ. ಲೈಬ್ನಿಟ್ಸ್‌ನ ಪಾಲು ಎಂದರೆ ಅದನ್ನು ಪೂರ್ತಿ ಲೆಕ್ಕವನ್ನಾಗಿ ಮಾಡಿದ್ದು, ಯಂತ್ರಕ್ಕೆ ಜೋಡಿಸಿ ಯೋಚಿಸಿದ್ದು, ಮತ್ತೆ ಮತ್ತೆ ಊರೂರಿಗೆ ಪತ್ರ ಬರೆದು ಅದನ್ನು ಸಾಯಗೊಡದಿದ್ದದ್ದು.

ಕೊನೆಯ ವರ್ಷಗಳು

1700ರಲ್ಲಿ ಬರ್ಲಿನ್ ಅಕಾಡೆಮಿ ಆತನ ಪ್ರಯತ್ನದಿಂದಲೇ ಹುಟ್ಟಿತು, ಆತನೇ ಮೊದಲ ಅಧ್ಯಕ್ಷ. ಆದರೆ ಆಸರೆಯಾಗಿದ್ದವರು ಒಬ್ಬೊಬ್ಬರಾಗಿ ಹೋದರು. ಪ್ರಷ್ಯದ ರಾಣಿ ಸೋಫಿ ಶಾರ್ಲೊಟ್ 1705ರಲ್ಲಿ, ಆಕೆಯ ತಾಯಿ ಸೋಫಿ 1714ರಲ್ಲಿ. ಕಲನಶಾಸ್ತ್ರ ನ್ಯೂಟನ್‌ನದೋ ಲೈಬ್ನಿಟ್ಸ್‌ನದೋ ಎಂಬ ಜಗಳ ಆ ಹೊತ್ತಿಗೆ ವಿಪರೀತಕ್ಕೆ ಹೋಗಿತ್ತು. ನ್ಯೂಟನ್ ಮೊದಲು ಕಂಡಿದ್ದ, ಲೈಬ್ನಿಟ್ಸ್ ಸ್ವಂತವಾಗಿ ಕಂಡು ಮೊದಲು ಪ್ರಕಟಿಸಿದ್ದ, 1684ರಲ್ಲಿ. ಇಂದು ಇದರಲ್ಲಿ ವಿವಾದವಿಲ್ಲ. ಅಂದು ರಾಯಲ್ ಸೊಸೈಟಿ ವಿಚಾರಣಾ ಸಮಿತಿ ನೇಮಿಸಿತು. ಸೊಸೈಟಿಯ ಅಧ್ಯಕ್ಷ ನ್ಯೂಟನ್, ವರದಿಯ ಹಿಂದಿದ್ದ ಕೈಯೂ ನ್ಯೂಟನ್‌ನದೇ. ತೀರ್ಪು ಏನಾಗಿರಬಹುದೆಂದು ಹೇಳಬೇಕಿಲ್ಲ. 1673ರಲ್ಲಿ ಯಂತ್ರ ನೋಡಿ ಸದಸ್ಯತ್ವ ಕೊಟ್ಟಿದ್ದ ಸಂಸ್ಥೆಯೇ ನಾಲ್ಕು ದಶಕದ ಬಳಿಕ ಆತನಿಗೆ ಕಳ್ಳನ ಪಟ್ಟ ಕಟ್ಟಿತು.

1714ರಲ್ಲಿ ಹ್ಯಾನೋವರ್‌ನ ದೊರೆ ಜಾರ್ಜ್ ಬ್ರಿಟನ್ನಿನ ರಾಜನಾಗಿ ಲಂಡನ್‌ಗೆ ಹೋದ. ಲೈಬ್ನಿಟ್ಸ್‌ನನ್ನು ಕರೆದೊಯ್ಯಲಿಲ್ಲ, ಮೊದಲು ವಂಶದ ಇತಿಹಾಸ ಮುಗಿಸು ಎಂದು ಆಜ್ಞೆಯಾಯಿತು. ಇತಿಹಾಸ ಆಗಿನ್ನೂ ಕ್ರಿ.ಶ. 1005ರ ಹತ್ತಿರ ತೆವಳುತ್ತಿತ್ತು. ಕೀಲುವಾತದಿಂದ ಕಾಲುಗಳು ಬಿದ್ದುಹೋಗಿದ್ದವು. ಚರ್ಚಿಗೆ ಹೆಚ್ಚು ಹೋಗುತ್ತಿರಲಿಲ್ಲವೆಂದು ಊರಿನವರು ಆತನ ಹೆಸರನ್ನೇ ತಿರುಚಿ, ಏನನ್ನೂ ನಂಬದವನು ಎಂಬರ್ಥ ಬರುವಂತೆ ಲೋವೆನಿಕ್ಸ್ ಎನ್ನುತ್ತಿದ್ದರು. ಒಂದು, ಸೊನ್ನೆಗಳಲ್ಲಿ ದೇವರ ಸೃಷ್ಟಿಯನ್ನೇ ಕಂಡವನಿಗೆ ಈ ಅಡ್ಡಹೆಸರು!

1716ರ ನವೆಂಬರ್ 14ರಂದು ಹ್ಯಾನೋವರ್‌ನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ರಾಜ ಜಾರ್ಜ್ ಆ ದಿನಗಳಲ್ಲಿ ಬೇಟೆಗೆಂದು ಹ್ಯಾನೋವರ್ ಸೀಮೆಗೇ ಬಂದಿದ್ದ. ಆದರೂ ಶವಸಂಸ್ಕಾರಕ್ಕೆ ಆಸ್ಥಾನದಿಂದ ಯಾರೂ ಬರಲಿಲ್ಲ. ನಾಲ್ಕು ದಶಕ ಸೇವೆ ಮಾಡಿದ ಮನುಷ್ಯನ ಸಮಾಧಿಯ ಮೇಲೆ ಬಹುಕಾಲ ಹೆಸರೂ ಇರಲಿಲ್ಲ. ರಾಯಲ್ ಸೊಸೈಟಿ ಸುಮ್ಮನಿತ್ತು. ಆತನೇ ಕಟ್ಟಿದ ಬರ್ಲಿನ್ ಅಕಾಡೆಮಿಯೂ ಸುಮ್ಮನಿತ್ತು. ಶ್ರದ್ಧಾಂಜಲಿಯ ಭಾಷಣ ಮಾಡಿದ್ದು ಪ್ಯಾರಿಸ್ ಅಕಾಡೆಮಿ ಮಾತ್ರ, ಮರುವರ್ಷ. ಮಾಡಿದವನು ಅದೇ ಫಾಂಟೆನೆಲ್, ಎರಡಂಕಿಯ ಲೆಕ್ಕದ ಉಪಯೋಗವೇನೆಂದು ಕೇಳಿದ್ದವನು.

ಆ ಪ್ರಶ್ನೆಗೆ ಉತ್ತರ ಬರಲು ಇನ್ನೂ ಎರಡು ಶತಮಾನ ಬೇಕಾಯಿತು. ಹೌದು, ಅಲ್ಲ ಎಂಬ ತರ್ಕವನ್ನು ಜಾರ್ಜ್ ಬೂಲ್ 1854ರಲ್ಲಿ ಬೀಜಗಣಿತ ಮಾಡಿದ. ಸ್ವಿಚ್ಚುಗಳ ಜಾಲ ಆ ಬೀಜಗಣಿತವನ್ನೇ ಪಾಲಿಸುತ್ತದೆ ಎಂದು ಅಮೆರಿಕದ ಕ್ಲಾಡ್ ಶಾನನ್ 1937ರ ಪ್ರಬಂಧದಲ್ಲಿ ತೋರಿಸಿದ. ಮರುವರ್ಷ ಬರ್ಲಿನ್‌ನ ಕೊನ್ರಾಡ್ ಝೂಸ ತಂದೆ ತಾಯಿಯ ಮನೆಯಲ್ಲಿ ಲೋಹದ ಪಟ್ಟಿಗಳನ್ನು ಜೋಡಿಸಿ ಎರಡಂಕಿಯ ಯಂತ್ರ ಕಟ್ಟಿದ. ಆದರೂ ಹಳೆಯ ಅಭ್ಯಾಸ ಬೇಗ ಬಿಡಲಿಲ್ಲ ನೋಡಿ, 1945ರಲ್ಲಿ ಸಿದ್ಧವಾದ ಅಮೆರಿಕದ ದೈತ್ಯ ಎನಿಯಾಕ್ ಕಂಪ್ಯೂಟರ್ ಕೂಡ ಹತ್ತರ ಲೆಕ್ಕವನ್ನೇ ಮಾಡುತ್ತಿತ್ತು.

ಹ್ಯಾನೋವರ್ ಈಗ ಆತನನ್ನು ಮರೆತಿಲ್ಲ. ಅಲ್ಲಿನ ವಿಶ್ವವಿದ್ಯಾಲಯಕ್ಕೆ, ಗ್ರಂಥಾಲಯಕ್ಕೆ ಆತನ ಹೆಸರಿದೆ. 1891ರಲ್ಲಿ ಅಲ್ಲಿ ಶುರುವಾದ ಬೆಣ್ಣೆ ಬಿಸ್ಕತ್ತಿಗೂ ಆತನದೇ ಹೆಸರು. ಬಿಟ್ಟು ಹೋದ ಬರಹ ಸುಮಾರು ಎರಡು ಲಕ್ಷ ಪುಟ, ಅದರಲ್ಲಿ ಪತ್ರಗಳೇ 15,000. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಪಾದಿಸುತ್ತಿದ್ದರೂ ಕೆಲಸ ಮುಗಿದಿಲ್ಲ. ಹಿತ್ತಾಳೆಯ ಯಂತ್ರ ಎಲ್ಲಿ ಹೋಯಿತೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. 1879ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಕಟ್ಟಡವೊಂದರ ಸೋರುವ ಮಾಡು ರಿಪೇರಿಗೆ ಹತ್ತಿದವರಿಗೆ ಅಟ್ಟದ ಮೂಲೆಯಲ್ಲಿ ಸಿಕ್ಕಿತು. ಗೋಲಿಯ ಯಂತ್ರವನ್ನು 1679ರ ಹಾಳೆ ನೋಡಿಯೇ ಈಚಿನ ದಶಕಗಳಲ್ಲಿ ಜರ್ಮನಿಯಲ್ಲಿ ಕಟ್ಟಿ ನೋಡಿದ್ದಾರೆ. ಗೋಲಿಗಳು ಉರುಳುತ್ತವೆ, ಲೆಕ್ಕ ಸರಿಯಾಗಿ ಬರುತ್ತದೆ.